ಕಿವಿಯ ಗುರುತು

ದಾರ್ಖಾನ್ ಪಟ್ಟಣ
೧೪ ಸೆಪ್ಟೆಂಬರ್ ೧೯೯೨

ಸೊಸೆ ದೊಲ್ಗೊರ್‌ಗೆ ಪಗ್ಮಾಳ ಆಶೀರ್ವಾದ. ಕುರಿಗಳು ಮೈತುಂಬಿಕೊಳ್ಳುತ್ತಿವೆಯೆ? ನೀವು ಸುಖವೆ?

ನೀನೂ ಜಾಮ್ಸ್ರನ್ನೂ ಅರ್ಖಾಂಗೈಗೆ ಹೋಗಿ ಎರಡು ತಿಂಗಳಾಯಿತು, ಒಂದು ಗೆರೆ ಪತ್ರವಿಲ್ಲ. ನನ್ನ ಮಗ ಬರೆಯುವವನಲ್ಲ, ಅದು ಅವನ ಹುಟ್ಟುಗುಣ. ನಿನಗೇನಾಗಿದೆ? ಅಂಚೆಯ ಗಾಡಿ ನಿಂತಿದ್ದರೆ ಉಣ್ಣೆ ಲಾರಿಯವರ ಕೈಯಲ್ಲಿ ಕೊಡು. ನಾನೂ ಇದನ್ನು ಹಾಗೆಯೇ ಕಳಿಸುತ್ತಿದ್ದೇನೆ.

ಇಲ್ಲಿ ಅಂಗಡಿಗಳಲ್ಲಿ ಉಪ್ಪು ಬಿಟ್ಟರೆ ಬೇರೇನೂ ಇಲ್ಲ. ಹಿಟ್ಟಿನ ಕೂಪನ್ನು ಕೈಯಲ್ಲಿದೆ, ಹಿಟ್ಟಿಲ್ಲ. ನಿಮ್ಮ ಹೊಲಿಗೆ ಕಾರ್ಖಾನೆಯ ಗೇಟಿಗೆ ಹಾಕಿದ ಬೀಗ ಹಾಗೇ ಇದೆ. ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕೊಂಕು ತೆಗೆಯುತ್ತಿದ್ದಳು. "ಏನಜ್ಜೀ, ಮಿಷನ್ ತುಳೀತಿದ್ದೋಳನ್ನ ಕುರಿ ಕಾಯೋಕೆ ಕಳ್ಸಿದ್ದೀಯಲ್ಲ, ಕುರೀನೇ ಅವಳನ್ನ ಕಾಯ್ಬೇಕೇನೋ!" ನಾನು ಬಿಡುತ್ತೇನೆಯೆ? "ಕಾಯ್ಲಿ ಬಿಡು, ನಿನ್ನ ಗಂಡನ್ನ ಕಾಯೋದಕ್ಕಿಂತ ಅದು ವಾಸಿ" ಎಂದೆ. ಅಂದಿನಿಂದ ಮಾತಾಡಿಸುವುದಿಲ್ಲ. ಅನುಜಿನ್ ಶಾಲೆಗೆ ಹೋಗುತ್ತಿದ್ದಾಳೆ, ನಿನ್ನ ಮಗಳ ಚಿಂತೆ ನಿನಗೆ ಬೇಡ.

ನಮ್ಮ ಮಾತು ನೆನಪಿರಲಿ. ಕುರಿಗಾಹಿಗಳ ಒಕ್ಕೂಟ ಒಡೆದು ದನಕರು ಹಂಚಿದಾಗ ನನ್ನ ಬಾಳಿನ ದುಡಿಮೆಗೆಲ್ಲ ಬಂದದ್ದು ಆ ಒಂದು ಹಿಂಡು. ನಮಗೆ ಬೇರೆ ಆಸ್ತಿಯಿಲ್ಲ. ಮುಂದಿನ ಬೇಸಿಗೆಯವರೆಗೆ ಅದು ಬದುಕಿದರೆ ನೀವು ಅಲ್ಲೇ ಇರುವುದು. ಬದುಕದಿದ್ದರೆ ಉಳಿದದ್ದನ್ನು ಮಾರಿ ಪಟ್ಟಣಕ್ಕೆ ಮರಳುವುದು, ಎಲ್ಲರಂತೆ ಸಂತೆಯಲ್ಲಿ ಏನನ್ನಾದರೂ ಹರಡಿಕೊಂಡು ಕೂರುವುದು. ನನ್ನ ಸೊಂಟ ಮುರಿಯದಿದ್ದರೆ ನಾನೇ ಬರುತ್ತಿದ್ದೆ.

ಈಗ ಕೇಳು. ಚಳಿಗಾಲದ ದೊಡ್ಡಿಯನ್ನು ಬಿಟ್ಟು ಅಲುಗಾಡಬೇಡ. ಗೋಡೆ ಕುಸಿದಿದ್ದರೆ ಜಾಮ್ಸ್ರನ್ ಕೈಲಿ ಕಟ್ಟಿಸು. ಹುಲ್ಲು ಕೊಯ್ಯುತ್ತಾ ಕೂತು ಶಕ್ತಿ ಹಾಳುಮಾಡಿಕೊಳ್ಳಬೇಡ, ಅದು ಹುಲ್ಲಿನ ತಂಡದವರ ಕೆಲಸ. ನವೆಂಬರಿನಲ್ಲಿ ಹುಲ್ಲಿನ ಲಾರಿ ಬಾಗಿಲಿಗೆ ಬರುತ್ತದೆ. ಒಂದು ವರ್ಷವೂ ತಪ್ಪಿದ್ದಿಲ್ಲ. ನಾನು ಕುರಿ ಸಾಕುವುದರಲ್ಲಿ ಜಿಲ್ಲೆಗೇ ಮೊದಲಿಗಳಾದದ್ದು ಸುಮ್ಮನೆ ಅಲ್ಲ, ಹೇಳಿದ ಹಾಗೆ ಮಾಡು. ನಿನಗೆ ಕುರಿಯ ಜೊತೆ ಆಡು, ಕುದುರೆ, ಹಸು ಎಲ್ಲ ಕಲಸಿ ಕೊಟ್ಟಿದ್ದಾರಂತೆ. ಎಂಥ ಅವ್ಯವಸ್ಥೆ! ನಮ್ಮ ಕಾಲದಲ್ಲಿ ಹೆಣ್ಣು ಕುರಿ ಒಬ್ಬರಿಗೆ, ಟಗರು ಒಬ್ಬರಿಗೆ, ಕುದುರೆ ಇನ್ನೊಬ್ಬರಿಗೆ.

ಪಗ್ಮಾ


ತಮೀರ್ ನದಿಯ ದಂಡೆ
೨೦ ಅಕ್ಟೋಬರ್ ೧೯೯೨

ಅತ್ತೆಯವರಿಗೆ ದೊಲ್ಗೊರಳ ನಮಸ್ಕಾರ. ನೀವೂ ಅನುಜಿನ್ನೂ ಚೆನ್ನಾಗಿದ್ದೀರಾ? ನಾವು ಚೆನ್ನಾಗಿದ್ದೇವೆ.

ನಿಮ್ಮ ಮಗ ಆರಾಮಾಗಿದ್ದಾರೆ. ದೊಡ್ಡಿಯ ಗೋಡೆ ಪೂರ್ತಿ ಎಬ್ಬಿಸಿದರು. ಹೊಳೆಯಿಂದ ಕಲ್ಲು ಹೊತ್ತು ಹೊತ್ತು ಅಂಗೈ ಬೊಬ್ಬೆಯೆದ್ದಿದೆ. ನನ್ನ ಅಕ್ಷರ ಸೊಟ್ಟಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಬೆರಳು ಮಡಿಸಲು ಬರುತ್ತಿಲ್ಲ.

ಹಾಲು ಕರೆಯುವುದು ಬಂತು. ಮೊದಲ ವಾರ ಹಸು ನನ್ನನ್ನು ಒದ್ದಿತು, ಎರಡನೆಯ ವಾರ ನಾನು ಅದನ್ನು ಒದ್ದೆ, ಈಗ ಇಬ್ಬರೂ ರಾಜಿಯಾಗಿದ್ದೇವೆ. ಒಂದು ಆಡು ನನ್ನ ಸೋಪು ತಿಂದು ಇಡೀ ದಿನ ನೊರೆ ಕಾರಿತು. ಪಕ್ಕದ ಗುಡಾರದ ಲುವ್ಸಾನ್ ಮುದುಕ ನಕ್ಕು ನಕ್ಕು ಕೆಮ್ಮಿದ. ಅವನು ಹೋದ ತಿಂಗಳು ದಿನವಿಡೀ ಹುಲ್ಲು ಕೊಯ್ದ. ನನ್ನನ್ನೂ ಕರೆದ.

"ಏ ಪಟ್ಟಣದ ಹೆಣ್ಣೇ, ನೀನು ಕೊಯ್ಯಲ್ವೇನೆ?"

"ನಮಗೆ ಲಾರೀಲಿ ಬರುತ್ತೆ ಅಜ್ಜ."

"ಯಾರ ಲಾರಿ?"

"ಒಕ್ಕೂಟದ್ದು. ನಮ್ಮತ್ತೆ ಬರೆದಿದ್ದಾರೆ."

"ಹೂಂ, ಬರುತ್ತೆ ಬರುತ್ತೆ. ಅದರಲ್ಲೇ ನನ್ನ ಉದುರಿಹೋದ ಹಲ್ಲೂ ಬರುತ್ತೆ, ಇಳಿಸ್ಕೊಂಡಿರು."

ನನಗೆ ಸಿಟ್ಟು ಬಂತು. ನಿಮ್ಮನ್ನು ಕಂಡರೆ ಅವನಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಆದರೂ ಕೇಳುತ್ತೇನೆ, ಲಾರಿ ಸರಿಯಾಗಿ ಯಾವಾಗ ಬರುತ್ತದೆ? ನಿನ್ನೆ ಮೊಣಕಾಲುದ್ದ ಹಿಮ ಬಿತ್ತು. ಕುರಿಗಳು ಗೋಡೆಯ ಪಕ್ಕ ನಿಂತು ನನ್ನನ್ನೇ ನೋಡುತ್ತಿವೆ.

ದೊಲ್ಗೊರ್


ದಾರ್ಖಾನ್
೨೬ ನವೆಂಬರ್ ೧೯೯೨

ಸೊಸೆಗೆ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಜಾಮ್ಸ್ರನ್ ಗೋಡೆ ಕಟ್ಟಿದ ಎಂದು ಬರೆದಿದ್ದೀಯ. ಸಂತೋಷ. ಅವನಿಗೆ ಅಷ್ಟು ಕೆಲಸ ಬರುತ್ತದೆಂದು ಹೆತ್ತ ನನಗೇ ಗೊತ್ತಿರಲಿಲ್ಲ. ಅವನನ್ನು ಜಾಸ್ತಿ ಗದರಬೇಡ. ಗಂಡಸರಿಗೆ ಈ ಕಾಲ ಹೆಂಗಸರಿಗಿಂತ ಭಾರವಾಗಿದೆ, ಅವರು ಒಂದೇ ಕೆಲಸ ಕಲಿತವರು.

ನಾವು ಬೆಚ್ಚಗಿದ್ದೇವೆ. ಮನೆಯ ಬಿಸಿನೀರಿನ ಕೊಳವೆ ಎಷ್ಟು ಸುಡುತ್ತದೆಯೆಂದರೆ ಕಿಟಕಿ ತೆರೆದಿಡಬೇಕು. ಏನಾದರೂ ಕಳಿಸಬೇಕೆಂದು ಒದ್ದಾಡಬೇಡ.

ಲಾರಿಯ ವಿಷಯ. ಹಿಮ ಜಾಸ್ತಿಯಿದ್ದರೆ ತಡವಾಗಬಹುದು, ಒಮ್ಮೆ ಡಿಸೆಂಬರ್ ಮಧ್ಯಕ್ಕೆ ಬಂದಿತ್ತು. ಕಾಯಿ. ದೊಡ್ಡಿ ಬಿಟ್ಟು ಹೊರಟೆಯೋ, ಲಾರಿಯವನಿಗೆ ನೀನು ಸಿಗುವುದಿಲ್ಲ, ನಿನ್ನ ಪಾಲು ಬೇರೆಯವರ ಪಾಲಾಗುತ್ತದೆ. ಲುವ್ಸಾನನ ಮಾತಿಗೆ ಕಿವಿಗೊಡಬೇಡ. ಹೇಳದೆ ಕೇಳದೆ ಹಿಂಡು ಹೊಡೆದುಕೊಂಡು ಎಲ್ಲೆಲ್ಲೋ ಹೋಗುತ್ತಿದ್ದನೆಂದು ಪ್ರತಿ ಸಭೆಯಲ್ಲೂ ಅವನಿಗೆ ಛೀಮಾರಿಯಾಗುತ್ತಿತ್ತು.

ಫೆಬ್ರವರಿಯಲ್ಲಿ ಬಿಳಿ ತಿಂಗಳ ಹಬ್ಬ. ತಟ್ಟೆಯ ಮೇಲೆ ಇಡೀ ಸೊಂಟದ ಮಾಂಸ ಬಾಲದ ಕೊಬ್ಬಿನ ಸಮೇತ ಕೂರಬೇಕು. ಒಳ್ಳೆಯ ಟಗರನ್ನು ನೋಡಿ ಕಡಿದು ಕಳಿಸು. ಕೆಳಗಿನ ಮನೆಯಾಕೆಯನ್ನು ಬೇಕೆಂದೇ ಊಟಕ್ಕೆ ಕರೆಯುತ್ತೇನೆ.

ಪಗ್ಮಾ

ಅಮ್ಮಾ, ನಾನು ಅನುಜಿನ್. ಅಜ್ಜಿ ಲಕೋಟೆ ಅಂಟಿಸಲು ನನಗೆ ಕೊಟ್ಟಿದ್ದಾಳೆ. ಅಪ್ಪ ತಂದ ಚೀನಾ ಬೂಟು ನನಗೆ ದೊಡ್ಡದಾಗುತ್ತದೆ, ಆದರೂ ಹಾಸಿಗೆಯಲ್ಲೂ ಹಾಕಿಕೊಂಡೇ ಮಲಗುತ್ತೇನೆ. ತುಂಬಾ ಚಳಿ. ಅಪ್ಪ ಮತ್ತೆ ರೈಲಿಗೆ ಹೋದ. ನೀನು ಯಾವಾಗ ಬರುತ್ತೀಯ?


ತಮೀರ್ ದಂಡೆ
೧೫ ಜನವರಿ ೧೯೯೩

ಅತ್ತೆ,

ಹುಲ್ಲಿನ ಲಾರಿ ಬರಲಿಲ್ಲ. ಬರುವುದೂ ಇಲ್ಲ. ಕುದುರೆಯೇರಿ ತಾಲೂಕು ಕೇಂದ್ರಕ್ಕೆ ಹೋದೆ. ಹುಲ್ಲಿನ ಕಚೇರಿಯಿದ್ದ ಕಡೆ ಈಗ ಅಂಗಡಿ. ಒಕ್ಕೂಟದ ಹಳೆಯ ಅಧ್ಯಕ್ಷನೇ ಗಲ್ಲಾ ಮೇಲೆ ಕೂತು ವೋಡ್ಕಾ, ಬಿಸ್ಕತ್ತು ಮಾರುತ್ತಿದ್ದ. ಲಾರಿ ಎಲ್ಲಿ ಎಂದು ಕೇಳಿದೆ.

"ಯಾವ ಲಾರಿ ತಾಯಿ? ಲಾರಿ ಹಂಚಿಹೋಯ್ತು. ಎಂಜಿನ್ ಒಬ್ಬನಿಗೆ, ಚಕ್ರ ಒಬ್ಬನಿಗೆ."

"ಮತ್ತೆ ಹುಲ್ಲು?"

"ಹುಲ್ಲು ಕೊಯ್ದೋರ ಮನೇಲಿದೆ. ನೀನು ಕೊಯ್ದಿಲ್ವಾ?"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಹಿಂಡಿನ ಮೂರನೇ ಒಂದು ಪಾಲು ಹೋಯಿತು. ಬೆಳಿಗ್ಗೆ ದೊಡ್ಡಿಗೆ ಹೋದರೆ ನಿಂತಲ್ಲೇ ಸೆಟೆದಿರುತ್ತವೆ. ತೊಗಲು ಬಿಡಿಸುವುದು ಕಲಿತಿದ್ದೇನೆ, ಇನ್ನೇನು ಮಾಡಲಿ. ಉಳಿದವು ಒಂದರ ಮೈಯುಣ್ಣೆ ಒಂದು ಕಚ್ಚಿ ತಿನ್ನುತ್ತಿವೆ. ಹಬ್ಬಕ್ಕೆ ಸೊಂಟದ ಮಾಂಸ ಇಲ್ಲ. ಹಸಿದು ಸತ್ತದ್ದನ್ನು ಹಬ್ಬದ ತಟ್ಟೆಗೆ ಕಳಿಸುವುದಿಲ್ಲ. ಬದುಕಿರುವುದನ್ನು ಕಡಿಯುವುದಿಲ್ಲ. ಕೆಳಗಿನ ಮನೆಯಾಕೆಯನ್ನು ಕರೆಯಬೇಡಿ.

ನಿಮ್ಮ ಮಗ ಹಿಟ್ಟು ತರುತ್ತೇನೆಂದು ಸೆಪ್ಟೆಂಬರ್ ಮೊದಲ ವಾರ ಹೊರಟವನು. ಗೋಡೆ ಕಟ್ಟಿದ್ದು ನಾನು. ನಿಮಗೆ ನೋವಾಗುತ್ತದೆಂದು ಸುಳ್ಳು ಬರೆದೆ. ಅವನು ನಿಮ್ಮ ಮನೆಯಲ್ಲೇ ಕೂತಿದ್ದಾನೆ, ನೀವೂ ನನಗೆ ನೋವಾಗುತ್ತದೆಂದು ಸುಳ್ಳು ಬರೆದಿರಿ. ಮನೆ ಬೆಚ್ಚಗಿಲ್ಲ ಎಂಬುದೂ ಗೊತ್ತಾಯಿತು. ಅನುಜಿನ್‌ಗೆ ಬಯ್ಯಬೇಡಿ. ಈ ಮನೆಯಲ್ಲಿ ನಿಜ ಬರೆದವಳು ಅವಳೊಬ್ಬಳೇ.

ನಾನು ಬಿಟ್ಟು ಬರುವುದಿಲ್ಲ. ಲುವ್ಸಾನ್ ಹೊಸವರ್ಷದ ದಿನವೇ ಗುಡಾರ ಕಿತ್ತು ಉತ್ತರದ ಬೆಟ್ಟದ ಕಡೆ ಹೋದ, ಕರೆದರೂ ನಾನು ಹೋಗಲಿಲ್ಲ. ನೀವು ಕಾಯಿ ಎಂದಿದ್ದಿರಲ್ಲ. ಇನ್ನು ಮುಂದೆ ನೀವು ಏನು ಮಾಡುತ್ತಿದ್ದಿರಿ ಎಂದು ನನಗೆ ಬರೆಯಬೇಡಿ. ನಿಮಗೆ ಲಾರಿಯಿತ್ತು, ದನದ ಡಾಕ್ಟರಿದ್ದ, ಹುಲ್ಲಿನ ತಂಡವಿತ್ತು. ಒಕ್ಕೂಟ ಹುಟ್ಟುವ ಮೊದಲು ನಿಮ್ಮ ಅಮ್ಮ ಏನು ಮಾಡುತ್ತಿದ್ದರು, ಅದನ್ನು ಬರೆಯಿರಿ. ಬೇಗ ಬರೆಯಿರಿ.

ದೊಲ್ಗೊರ್


ದಾರ್ಖಾನ್
೩ ಫೆಬ್ರವರಿ ೧೯೯೩

ದೊಲ್ಗೊರ್,

ಅತ್ತೆಯೊಡನೆ ಹೀಗೆ ಮಾತಾಡಿದ ಸೊಸೆಯನ್ನು ನಾನು ನೋಡಿಲ್ಲ. ಗಂಡನನ್ನೂ ಏಕವಚನಕ್ಕೆ ಇಳಿಸಿದ್ದೀಯ. ಓದಿ ಪತ್ರವನ್ನು ಒಲೆಗೆ ಹಾಕಲು ಹೋದೆ, ಒಲೆ ತಣ್ಣಗಿತ್ತು. ಮತ್ತೆ ಓದಿದೆ.

ನನ್ನ ಅಮ್ಮನ ಬಗ್ಗೆ ಯಾರೂ ಕೇಳಿರಲಿಲ್ಲ. ಶಾಲೆಯಲ್ಲಿ ಅಂಥದ್ದೆಲ್ಲ ಹಿಂದುಳಿದ ಪದ್ಧತಿ ಎಂದು ಕಲಿಸಿದರು, ನಾನೂ ಹಾಗೇ ಅಂದುಕೊಂಡೆ. ಈಗ ನೆನಪಿದ್ದಷ್ಟು ಬರೆಯುತ್ತೇನೆ.

ಅಮ್ಮ ಕೆಟ್ಟ ಹಿಮದ ವರ್ಷ ದೊಡ್ಡಿಯಲ್ಲಿ ಕೂರುತ್ತಿರಲಿಲ್ಲ. ದೊಡ್ಡ ಗುಡಾರ ಬಿಟ್ಟು ಚಿಕ್ಕ ಡೇರೆ, ಒಂದು ಬಾಣಲೆ, ಕಂಬಳಿ, ಇಷ್ಟೇ ಹೇರಿಕೊಂಡು ಗಾಳಿ ಬೀಸುವ ದಿಣ್ಣೆಗೆ ಏರುತ್ತಿದ್ದಳು. ತಗ್ಗು ಬೆಚ್ಚಗಿರುತ್ತದೆ, ಆದರೆ ಹಿಮ ತುಂಬಿಕೊಳ್ಳುತ್ತದೆ. ದಿಣ್ಣೆಯ ಮೇಲೆ ಚಳಿ ಕೊಲ್ಲುತ್ತದೆ, ಆದರೆ ಗಾಳಿ ಹಿಮವನ್ನು ಗುಡಿಸಿ ಹುಲ್ಲು ಕಾಣಿಸುತ್ತದೆ. ಮೊದಲು ಕುದುರೆಗಳನ್ನು ಬಿಡಬೇಕು. ಅವು ಗೊರಸಿನಿಂದ ಹಿಮ ಕೆರೆದು ಮೇಲಿನದನ್ನು ಮೇಯುತ್ತವೆ. ಅವುಗಳ ಹಿಂದೆ ಕುರಿ ಬಿಟ್ಟರೆ ಬುಡದ ಹುಲ್ಲು ಸಿಗುತ್ತದೆ. ನಿನಗೆ ಎಲ್ಲ ಪ್ರಾಣಿ ಕಲಸಿ ಕೊಟ್ಟರೆಂದು ನಾನು ಬೈದಿದ್ದೆ. ಅಮ್ಮನ ಹಿಂಡೂ ಹಾಗೇ ಇತ್ತು.

ಸೋತ ಕುರಿಗಳ ಬೆನ್ನಿಗೆ ಕಂಬಳಿ ಹೊದಿಸಿ ಹೊಲಿ, ಹೊಲಿಗೆ ನಿನಗೆ ಬರುತ್ತದೆ. ಮಲಗುವ ಜಾಗದಲ್ಲಿ ಒಣ ಹಿಕ್ಕೆ ದಪ್ಪಗೆ ಹಾಸು. ಒದ್ದೆ ನೆಲದಲ್ಲಿ ಮಲಗಿದ ಕುರಿ ಏಳುವುದಿಲ್ಲ.

ಜಾಮ್ಸ್ರನ್ ಅಕ್ಟೋಬರಿನಲ್ಲಿ ಬಂದ. "ಅಮ್ಮಾ, ನನಗೆ ಆಗಲ್ಲ, ಆ ಮೌನ ಕೇಳಿದ್ರೆ ತಲೆ ಕೆಡುತ್ತೆ. ಅವಳಿಗೆ ಹೇಳ್ಬೇಡ, ಒಂದೆರಡು ಸಲ ಗಡಿ ದಾಟಿ ಸಾಮಾನು ಮಾರಿ ದುಡ್ಡು ಹಿಡ್ಕೊಂಡೇ ಹೋಗ್ತೀನಿ" ಎಂದ. ಮೊದಲ ಸಲ ಬೂಟು ತಂದ. ಎರಡನೆಯ ಸಲ ಗಡಿಯಲ್ಲಿ ಎಲ್ಲ ಕಿತ್ತುಕೊಂಡು ಹೊಡೆದು ಕಳಿಸಿದರು. ಈಗ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾನೆ. ಹಿಂಡು ಮಾರಿದರೆ ಸಂತೆಯಲ್ಲಿ ಒಂದು ಕಬ್ಬಿಣದ ಡಬ್ಬಿ ಅಂಗಡಿ ಹಿಡಿಯಬಹುದು ಎನ್ನುತ್ತಾನೆ. ನಾನು ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ಹೆತ್ತವಳು ನಾನು.

ಬೇಗ ಹೊರಡು.

ಪಗ್ಮಾ


ಉತ್ತರದ ದಿಣ್ಣೆ
೧೮ ಏಪ್ರಿಲ್ ೧೯೯೩

ಅತ್ತೆಯವರಿಗೆ ನಮಸ್ಕಾರ. ವಸಂತಕ್ಕೆ ಸುಖವಾಗಿ ಕಾಲಿಟ್ಟಿರಾ? ನಾವು ಕಾಲಿಟ್ಟೆವು. ನಾವು ಎಂದರೆ ನಾನು, ಕುರಿಗಳು, ಆ ಒದೆಯುವ ಹಸು.

ನಿಮ್ಮ ಪತ್ರ ಸಿಕ್ಕ ಮರುದಿನವೇ ಹೊರಟೆ. ಲುವ್ಸಾನ್ ನನ್ನನ್ನು ದಿಣ್ಣೆಯ ಮೇಲೆ ನೋಡಿ, "ಏನೇ, ಲಾರಿ ದಾರಿ ತಪ್ತಾ?" ಎಂದ. "ನಾನೇ ಲಾರಿ ಅಜ್ಜ, ಪಕ್ಕಕ್ಕೆ ಸರಿ" ಎಂದೆ. ಸರಿದ. ಅಂದಿನಿಂದ ಪಟ್ಟಣದ ಹೆಣ್ಣೇ ಎನ್ನುವುದು ಬಿಟ್ಟಿದ್ದಾನೆ.

ಕುದುರೆ ಮುಂದೆ, ಕುರಿ ಹಿಂದೆ. ನಿಮ್ಮ ಅಮ್ಮ ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಚಳಿಗೆ ನನ್ನ ಎಡಗಾಲಿನ ಎರಡು ಬೆರಳು ಕಪ್ಪಾದವು, ಒಂದು ಸರಿಹೋಯಿತು. ದಿಣ್ಣೆಗೆ ಬಂದ ಮೇಲೆ ಸತ್ತದ್ದು ತೀರ ಮುದಿಯಾದ ಕೆಲವೇ ಕುರಿ.

ಮರಿ ಹಾಕುವ ಕಾಲ ಶುರುವಾದ ಮೇಲೆ ನಾನು ಕೂತಲ್ಲೇ ನಿದ್ದೆ ಮಾಡುತ್ತೇನೆ. ಡೇರೆಯೊಳಗೆ ಕಾಲಿಡಲು ಜಾಗವಿಲ್ಲ, ಎಲ್ಲ ಕಡೆ ಮರಿಗಳು. ಚೊಚ್ಚಲ ಕುರಿಯೊಂದು ತನ್ನ ಮರಿಯನ್ನು ಹತ್ತಿರ ಸೇರಿಸದೆ ತಲೆಯಿಂದ ಗುದ್ದಿ ಗುದ್ದಿ ಓಡಿಸುತ್ತಿತ್ತು. ಹಾಡಬೇಕು, ಆಗ ತಾಯಿ ಅತ್ತು ಮರಿಯನ್ನು ಸೇರಿಸಿಕೊಳ್ಳುತ್ತದೆ ಎಂದು ಲುವ್ಸಾನ್ ಹೇಳಿಕೊಟ್ಟ. ಮರಿಗೆ ಉಪ್ಪು ಸವರಿ, ತಾಯಿಯ ಮುಂದಿಟ್ಟು, ತೊಯ್ಗ್ ತೊಯ್ಗ್ ಎಂದು ರಾಗವಾಗಿ ಹಾಡಿದೆ. ನನ್ನ ಕಂಠ ನಿಮಗೆ ಗೊತ್ತಲ್ಲ. "ಈ ಹಾಡು ಕೇಳಿದ್ರೆ ತಾಯಿ ಕುರಿ ಅಳಲ್ಲ, ಊರು ಬಿಡುತ್ತೆ" ಎಂದ ಮುದುಕ. ನಾನು ಬಿಡಲಿಲ್ಲ. ಮರುದಿನ ಮಧ್ಯಾಹ್ನ ಆ ಕುರಿ ಮರಿಯ ಬಾಲ ಮೂಸಿತು, ನೆಕ್ಕಿತು, ಕಾಲು ಅಗಲಿಸಿ ನಿಂತಿತು. ಅತ್ತೆ, ನಾನು ಅಲ್ಲೇ ಕೂತು ಗಟ್ಟಿಯಾಗಿ ಅತ್ತೆ. ನನ್ನ ಮಗಳನ್ನು ಬಿಟ್ಟುಬಂದು ಕುರಿಗೆ ಬುದ್ಧಿ ಹೇಳುತ್ತಿದ್ದೇನಲ್ಲ ಎನಿಸಿತು.

ಹಿಂಡು ಮಾರಬೇಡಿ. ಕೈಮುಗಿದು ಕೇಳುವುದಿಲ್ಲ, ಲೆಕ್ಕವಾಗಿ ಹೇಳುತ್ತೇನೆ. ಹುಟ್ಟಿದ ಮರಿಗಳಿಂದ ಸತ್ತವುಗಳ ಜಾಗ ತುಂಬಿದೆ. ಇನ್ನೊಂದು ವರ್ಷ ಕಳೆದರೆ ಇದು ನಮ್ಮೆಲ್ಲರ ಹೊಟ್ಟೆ ತುಂಬಿಸುತ್ತದೆ.

ಒಂದು ಕೇಳುವುದಿದೆ. ದೊಡ್ಡ ಕುರಿಗಳ ಕಿವಿಯಲ್ಲಿ ಒಕ್ಕೂಟದ ಗುರುತಿದೆ. ಈ ವರ್ಷ ಪ್ರತಿ ಮನೆಯವರೂ ಮರಿಗಳ ಕಿವಿಗೆ ತಮ್ಮದೇ ಗುರುತು ಕತ್ತರಿಸುತ್ತಿದ್ದಾರೆ. ನಮ್ಮ ಮನೆಯ ಗುರುತು ಯಾವುದು?

ದೊಲ್ಗೊರ್


ದಾರ್ಖಾನ್
೧೨ ಮೇ ೧೯೯೩

ದೊಲ್ಗೊರ್‌ಗೆ ಆಶೀರ್ವಾದ.

ನಿನ್ನ ಪತ್ರವನ್ನು ಅನುಜಿನ್ ಮೂರು ಸಲ ಗಟ್ಟಿಯಾಗಿ ಓದಿಸಿಕೊಂಡಳು. ನೀನು ಹಾಡಿದ್ದನ್ನು ನೆನೆದು ನಾನೂ ನಕ್ಕೆ. ಜಾಮ್ಸ್ರನ್ ಗೋಡೆಯ ಕಡೆಯಿಂದ ಈಚೆ ತಿರುಗಲಿಲ್ಲ.

ಬಾಯಿಬಿಟ್ಟು ಹೇಳುತ್ತೇನೆ. ಹಿಂಡು ಮಾರಲು ನಾನು ಒಪ್ಪಿದ್ದೇನೆ.

ಬೈಯುವ ಮೊದಲು ಪೂರ್ತಿ ಓದು. ಒಬ್ಬ ವ್ಯಾಪಾರಿ ಜೂನಿನಲ್ಲಿ ಆ ಕಡೆ ಬರುತ್ತಾನೆ. ಆಡಿನ ನವಿರುಣ್ಣೆಯನ್ನೂ ಹಿಂಡನ್ನೂ ಒಟ್ಟಿಗೇ ಕೊಳ್ಳುತ್ತಾನಂತೆ. ಆ ಮಾತು ಬಂದ ದಿನ ನನ್ನ ಮಗ ಎದ್ದು ಗಡ್ಡ ಬೋಳಿಸಿಕೊಂಡ. ನಾಲ್ಕು ತಿಂಗಳಲ್ಲಿ ಮೊದಲ ಸಲ. ನೀನು ಕುರಿಯ ಎದುರು ಕೂತು ಅತ್ತೆನೆಂದು ಬರೆದೆ. ನಾನು ಅವನ ಮುಖ ನೋಡಿ ಬಚ್ಚಲಿಗೆ ಹೋಗಿ ಅತ್ತೆ.

ನೀನೂ ಮಗಳ ಹತ್ತಿರ ಬಂದುಬಿಡಬಹುದು. ಅಂಗಡಿಯ ಹಿಂದೆ ಒಂದು ಹೊಲಿಗೆ ಯಂತ್ರ ಹಾಕಿಕೊಳ್ಳಬಹುದು. ನಿನಗೆ ಬಂದ ಕೆಲಸ ಅದು. ನೀನು ಗಟ್ಟಿಗಿತ್ತಿ, ಎಲ್ಲಿದ್ದರೂ ಬದುಕುತ್ತೀಯ. ಅವನು ಹಾಗಲ್ಲ. ಇಬ್ಬರಲ್ಲಿ ಬಡವಾದವನ ಕಡೆ ತಾಯಿ ವಾಲದೆ ಇನ್ನೇನು ಮಾಡುತ್ತಾಳೆ?

ಮರಿಗಳ ಕಿವಿಗೆ ಗುರುತು ಬೇಡ. ಮಾರುವ ಪ್ರಾಣಿಗೆ ಗುರುತು ಯಾಕೆ?

ಪಗ್ಮಾ


ತಮೀರ್‌ನ ಬೇಸಿಗೆ ಬಯಲು
೨೭ ಜೂನ್ ೧೯೯೩

ಅತ್ತೆಯವರಿಗೆ,

ನಿಮ್ಮ ಮಗ ಬರಿಗೈಯಲ್ಲಿ ಮರಳಿದ್ದರೆ ಸುಳ್ಳು ಕಾರಣ ಹೇಳಿಯಾನು. ಅವನು ಇಲ್ಲಿಂದ ಬರಿಗೈಯಲ್ಲಿ ಹೊರಟಿಲ್ಲ. ಏನು ನಡೆಯಿತೆಂದು ನಾನೇ ಬರೆಯುತ್ತೇನೆ.

ವ್ಯಾಪಾರಿಯ ಲಾರಿ ಬಂದಾಗ ನಾನು ಹಾಲು ಕರೆಯುತ್ತಿದ್ದೆ. ನಿಮ್ಮ ಮಗ ಇಳಿದು ಸ್ವಲ್ಪ ಹೊತ್ತು ದೂರವೇ ನಿಂತ. ಸೊರಗಿದ್ದಾನೆ. ಒಳಗೆ ಕರೆದು ಚಹಾ ಕೊಟ್ಟೆ. ವ್ಯಾಪಾರಿ ಕುರಿಗಾಹಿಯ ಮಗನೇ, ನಿಧಾನದ ಮನುಷ್ಯ. ಕುಡಿದು ಹೊರಗೆ ಹೋಗಿ ಹಿಂಡಿನ ನಡುವೆ ಅಡ್ಡಾಡಿ ಬಂದ.

"ದೊಡ್ಡವು ಒಕ್ಕೂಟದ್ದು. ಮರಿ ಕಿವೀಲಿ ಬೇರೆ ಏನೋ ಇದೆಯಲ್ಲ ತಾಯಿ?"

"ನನ್ನ ಗುರುತು" ಎಂದೆ.

ಹೌದು ಅತ್ತೆ, ನಿಮ್ಮ ಪತ್ರ ಓದಿದ ದಿನವೇ ಕತ್ತರಿಸಿದೆ. ಎಡಗಿವಿಯ ತುದಿಗೆ ಎರಡು ಕಚ್ಚು, ಅಂಗಿಯ ಕೊರಳು ಹೊಲಿಯುವಾಗ ಬಟ್ಟೆಗೆ ಕೊಡುತ್ತೇವಲ್ಲ ಅಂಥದ್ದು. ನನ್ನ ಹಳೆಯ ಕತ್ತರಿಯಿಂದಲೇ.

"ಅಮ್ಮ ಒಪ್ಪಿದಾಳೆ" ಎಂದ ನಿಮ್ಮ ಮಗ.

"ಗೊತ್ತು. ಅಮ್ಮನ ಕುರಿ ಅಮ್ಮ ಮಾರ್ಲಿ. ಇಲ್ಲಿ ಹುಟ್ಟಿದ್ದು ನನ್ನದು."

"ದೊಲ್ಗೊರ್, ಹಠ ಮಾಡ್ಬೇಡ. ಇದೆಂಥ ಬಾಳು? ಕೈ ನೋ‌ಡ್ಕೊ ನಿಂದು."

"ನೋಡ್ಕೊಂಡಿದೀನಿ. ನೀನು ನೋಡು, ಚೆನ್ನಾಗಿ ನೋಡು."

ಅವನು ನೋಡಲಿಲ್ಲ.

ಪ್ರಾಣಿ ಕೊಡುವಾಗ ಮನೆಯವರು ಅದರ ಮೈಯಿಂದ ಒಂದು ಚೂರು ಉಣ್ಣೆ ಕಿತ್ತು ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹಿಂಡಿನ ಅದೃಷ್ಟವೂ ಅದರ ಹಿಂದೆಯೇ ಹೋಗುತ್ತದೆ. ಇದನ್ನು ನಿಮಗೆ ಹೇಳಬೇಕಿಲ್ಲ. ನಾನು ಎದ್ದು ಹೋಗಿ ಟಗರುಗಳನ್ನು ಒಂದೊಂದಾಗಿ ಹಿಡಿದೆ. ಪ್ರತಿಯೊಂದರ ಉಣ್ಣೆ ಕಿತ್ತು ಎದೆಯೊಳಗೆ ಇಟ್ಟುಕೊಂಡೆ, ನಾನೇ ಲಾರಿಗೆ ಹತ್ತಿಸಿದೆ. ನವಿರುಣ್ಣೆಯ ಮೂಟೆಯನ್ನೂ ಹತ್ತಿಸಿದೆ. ಅದೂ ನಾನೇ ಬಾಚಿದ್ದು. ನಿಮ್ಮ ಮಾತು ಪೂರ್ತಿ ತೆಗೆದುಹಾಕಲಿಲ್ಲ. ಆಮೇಲೆ ಹೆಣ್ಣು ಕುರಿಗಳ ಮುಂದೆ ಬಂದು ಕೈ ಕಟ್ಟಿ ನಿಂತೆ.

ವ್ಯಾಪಾರಿ ಕಾದ. "ಇವಕ್ಕೆ ಕೀಳಲ್ವಾ?"

"ಕೀಳಲ್ಲ."

"ಕಿತ್ತುಕೋ ದೊಲ್ಗೊರ್, ಹೊತ್ತಾಯ್ತು" ಎಂದ ನಿಮ್ಮ ಮಗ. ನಾನು ಅಲುಗಲಿಲ್ಲ. ಅವನೇ ಒಂದು ಕುರಿಯ ಬೆನ್ನಿಗೆ ಕೈ ಹಾಕಿದ. ಅದು ಬೆದರಿ ಓಡಿತು. ಇನ್ನೊಂದಕ್ಕೆ ಹಾಕಿದ, ಅದೂ ಓಡಿತು. ಒಂದೂ ಅವನನ್ನು ಗುರುತಿಸಲಿಲ್ಲ. ಅವನ ಹಣೆ ಬೆವೆತದ್ದು ನೋಡಿ ನನಗೆ ಅಯ್ಯೋ ಎನಿಸಿತು. ಆದರೂ ಕೈ ಬಿಚ್ಚಲಿಲ್ಲ.

ವ್ಯಾಪಾರಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಾಲುಣಿಸೋ ತಾಯಿ ಒಂದು ಗುರುತು, ಮರಿ ಒಂದು ಗುರುತು. ಸಾಕಿದವಳು ಉಣ್ಣೆ ಕೀಳಲ್ಲ ಅಂತಾಳೆ. ಇಂಥ ಹಿಂಡು ಒಯ್ದರೆ ನನ್ನ ಲಾರಿ ಹೊಳೇಲಿ ನಿಲ್ಲುತ್ತೆ. ಬೇಡ ಮಾರಾಯ, ಹತ್ತು, ಹೋಗೋಣ" ಎಂದು ಎಂಜಿನ್ ಚಾಲೂ ಮಾಡಿದ.

ನಿಮ್ಮ ಮಗ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತು, "ನಾನು ಮತ್ತೆ ಬಂದ್ರೆ ಒಳಗೆ ಸೇರಿಸ್ತೀಯಾ?" ಎಂದ. "ಬರಿಗೈಲಿ ಬಾ, ಪರವಾಗಿಲ್ಲ. ಲಾರಿ ತರಬೇಡ" ಎಂದೆ. ಹೋದ.

ಟಗರುಗಳನ್ನು ಮಾರಿದ್ದರಲ್ಲಿ ಅಂಗಡಿ ಆಗದಿದ್ದರೆ ಅಂಗಡಿಯ ಅರ್ಧವಾದರೂ ಆದೀತು. ಅವನು ಗಡ್ಡ ಬೋಳಿಸಿಕೊಳ್ಳುತ್ತಲೇ ಇರಲಿ, ನನಗೂ ಅದೇ ಬೇಕು. ಆದರೆ ನನ್ನ ಹಿಂಡಿನ ಬೆಲೆ ತೆತ್ತು ಅಲ್ಲ.

ನಿಮಗೆ ಸಿಟ್ಟು ಬಂದಿರುತ್ತದೆ. ಬರಲಿ. ಅನುಜಿನ್‌ಳನ್ನು ರಜೆಗೆ ಕಳಿಸಿಕೊಡಿ. ಸಿಟ್ಟಿಗೆ ಅವಳನ್ನು ತಡೆಹಿಡಿಯಬೇಡಿ.

ದೊಲ್ಗೊರ್


ದಾರ್ಖಾನ್
೨೦ ಜುಲೈ ೧೯೯೩

ಹಿಂಡಿನೊಡತಿ ದೊಲ್ಗೊರ್‌ಗೆ,

ಸಿಟ್ಟು ಬಂದದ್ದು ನಿಜ. ಎರಡು ದಿನ ಪಾತ್ರೆ ಕುಕ್ಕಿದೆ. ನನ್ನ ಮಾತನ್ನು ಒಕ್ಕೂಟದ ಅಧ್ಯಕ್ಷ ಕೂಡ ಮೀರುತ್ತಿರಲಿಲ್ಲ. ಮೂರನೆಯ ದಿನ ಜಾಮ್ಸ್ರನ್, "ಅಮ್ಮಾ, ಒಂದು ಕುರೀನೂ ನನ್ನ ಹತ್ರ ನಿಲ್ಲಲಿಲ್ಲ" ಎಂದ. ಅಳುತ್ತಾ ಹೇಳಲಿಲ್ಲ, ಸುಮ್ಮನೆ ಹೇಳಿದ. ಆಮೇಲೆ ಎದ್ದು ಸಂತೆಗೆ ಹೋದ. ಇನ್ನೊಬ್ಬನ ಜೊತೆ ಪಾಲಿಗೆ ಅಂಗಡಿ ಹಿಡಿದಿದ್ದಾನೆ. ಬೂಟು, ಬ್ಯಾಟರಿ, ಸೂಜಿದಾರ ಇಟ್ಟಿದ್ದಾನೆ. ಕೆಟ್ಟ ರೇಡಿಯೋ ತಂದರೆ ಬಿಚ್ಚಿ ರಿಪೇರಿ ಮಾಡಿಕೊಡುತ್ತಾನೆ. ರೇಡಿಯೋ ಅವನ ಕೈಗೆ ಸಿಕ್ಕಿದರೆ ಓಡಿಹೋಗುವುದಿಲ್ಲ.

ಈ ಮನೆಯನ್ನು ಅವನಿಗೆ ಬಿಟ್ಟು ನಾನು ಬರುತ್ತಿದ್ದೇನೆ. ಅನುಜಿನ್ ನನ್ನ ಜೊತೆ ಬರುತ್ತಾಳೆ, ರಜೆಗಲ್ಲ. ತಾಲೂಕು ಕೇಂದ್ರದ ಶಾಲೆಗೆ ಸೇರಿಸೋಣ, ವಿಚಾರಿಸಿ ಆಯಿತು. ಅವಳಿಗೆ ತಿಳಿಸಿದಾಗ ಮೆಟ್ಟಿಲೆಲ್ಲ ಕುಣಿದಾಡಿದಳು. ಕೆಳಗಿನ ಮನೆಯಾಕೆ ಬಾಗಿಲು ತೆರೆದು, "ನಿಜವಾಗ್ಲೂ ಹೋಗ್ತೀಯಾ ಅಜ್ಜೀ? ನಂಗೂ ಒಂದು ಕುರಿಮರಿ ಕಳ್ಸು" ಎಂದಳು. ಹತ್ತು ತಿಂಗಳ ಮೇಲೆ ಮಾತಾಡಿದಳು ನೋಡು, ಅದೂ ಬೇಡುವುದಕ್ಕೆ.

ಕುದುರೆ ಹತ್ತಲು ನನ್ನ ಸೊಂಟ ಬಿಡುವುದಿಲ್ಲ. ಕೂತು ಹಾಲು ಕರೆಯಬಲ್ಲೆ, ಕೆನೆ ಕಾಯಿಸಬಲ್ಲೆ, ಮರಿ ನೋಡಿಕೊಳ್ಳಬಲ್ಲೆ. ಯಾವ ಕೆಲಸಕ್ಕೆ ಇಟ್ಟುಕೊಳ್ಳುತ್ತೀಯ, ನೀನೇ ಹೇಳು. ಬಾಯಿ ಮುಚ್ಚಿಕೊಂಡಿರುತ್ತೇನೆಂದು ಮಾತ್ರ ಮಾತು ಕೊಡಲಾರೆ. ನಾನು ಹೇಳಿದ್ದನ್ನೆಲ್ಲ ನೀನು ಕೇಳಬೇಕೆಂದಿಲ್ಲ, ಅಷ್ಟೇ.

ಎಂದು ಬರಲಿ? ಎಲ್ಲಿ ಇಳಿಯಲಿ? ಬೇಸಿಗೆ ಬಯಲೆಂದರೆ ಯಾವ ಬಯಲು? ಆ ಕಡೆಯ ಜಾಗಗಳೆಲ್ಲ ನನಗೆ ಒಕ್ಕೂಟದ ತಂಡದ ನಂಬರಿನಲ್ಲಿ ಮಾತ್ರ ಗೊತ್ತು. ಈಗ ಆ ನಂಬರು ಯಾರಿಗೂ ಅರ್ಥವಾಗಲಾರದು.

ಪಗ್ಮಾ


ತಮೀರ್‌ನ ಬೇಸಿಗೆ ಬಯಲು
೯ ಆಗಸ್ಟ್ ೧೯೯೩

ಅತ್ತೆಯವರಿಗೆ,

ಬನ್ನಿ. ಮೊದಲ ಉಣ್ಣೆ ಲಾರಿ ಸಿಕ್ಕಿದ ಕೂಡಲೇ ಹೊರಡಿ. ಅನುಜಿನ್‌ಗೆ ದಪ್ಪ ಬಟ್ಟೆಯೆಲ್ಲ ತನ್ನಿ, ನಿಮ್ಮ ಸೊಂಟಕ್ಕೆ ದಾರಿಯಲ್ಲಿ ಒರಗಲು ಹಾಸಿಗೆಯ ಸುತ್ತು ತನ್ನಿ. ಬಂದ ಮೊದಲ ದಿನ ನಿಮಗೆ ಕೆಲಸವಿಲ್ಲ, ಎರಡನೆಯ ದಿನದಿಂದ ಆ ಒದೆಯುವ ಹಸು ನಿಮ್ಮದು. ಮಾತಿಗೆ ನನ್ನ ಅಡ್ಡಿಯಿಲ್ಲ, ಇಲ್ಲಿ ಮಾತಾಡುವವರು ಕಡಿಮೆ.

ಎಲ್ಲಿ ಇಳಿಯಬೇಕು ಎಂದು ಕೇಳಿದ್ದೀರಿ. ಈಗ ನಾವು ಇರುವ ಜಾಗ ಬರೆದು ಪ್ರಯೋಜನವಿಲ್ಲ. ಇಲ್ಲಿ ಹುಲ್ಲು ತೆಳುವಾಗುತ್ತಿದೆ, ಈ ಪತ್ರ ನಿಮಗೆ ತಲುಪುವುದರೊಳಗೆ ನಾನು ಗುಡಾರ ಕಿತ್ತಿರುತ್ತೇನೆ. ಹೆದರಬೇಡಿ. ಸೇತುವೆಯ ಹತ್ತಿರ ಇಳಿದು, ಎದುರಿಗೆ ಸಿಕ್ಕ ಯಾರನ್ನು ಬೇಕಾದರೂ ಕೇಳಿ, ದೊಲ್ಗೊರಳ ಹಿಂಡು ಎಲ್ಲಿದೆ ಎಂದು. ತೋರಿಸುತ್ತಾರೆ.

ದೊಲ್ಗೊರ್